ಬೆಳಕ್ ಕಮ್ಮಿ…

ಅಪ್ಪಾ, ನಿನ್ನ ಸಣ್ಣಾಕಿ ಬರೀಲಿಕತ್ತೀನಿ.

ನೀನು ಹೋದ ಮೇಲೆ ಮನೆಯಲ್ಲಿ ಎಲ್ಲರೂ ಯಾರ ಜೊತೆಗಾದರೂ ಮಾತಾಡುತ್ತಾರೆ. ಅಕ್ಕ ಗಂಡನ ಊರು ತೆಂಗಳಿಯಿಂದ ದಿನಾ ಅವ್ವನಿಗೆ ಫೋನ್ ಹಚ್ಚುತ್ತಾಳೆ. ಅವ್ವ ನಿನ್ನ ಫೋಟೋದ ಜೊತೆ ಮಾತಾಡುತ್ತಾಳೆ. ಹೂ ಏರಿಸಿ ಕಣ್ಣೀರು ಹಾಕುತ್ತಾಳೆ ಅಂತ ತಿಳಿದು ಖುಷಿಪಡಬೇಡ, ಬೈಯುತ್ತಾಳೆ. ಮುಂಜಾನೆ ಒಲೆ ಹಚ್ಚುವಾಗ ಶುರುವಾದರೆ ಕಡೆಯ ರೊಟ್ಟಿ ಬುಟ್ಟಿಗೆ ಬೀಳುವ ತನಕ ನಿನಗೆ ಮಂಗಳಾರತಿ. ಬದುಕಿದ್ದಾಗ ನಿನಗೆ ‘ರೀ’ ಬಿಟ್ಟು ಮಾತಾಡದವಳು, ಈಗ ನೇರ ಏಕವಚನಕ್ಕೆ ಇಳಿದಿದ್ದಾಳೆ. ನಾನೊಬ್ಬಳೇ ನಿನ್ನ ಜೊತೆ ಮಾತು ಬಿಟ್ಟಿದ್ದೆ. ನನಗೂ ನಿನ್ನ ಮೇಲೆ ಸಿಟ್ಟಿತ್ತು, ಅವ್ವನಷ್ಟೇ. ಈಗ ನಿನಗೆ ಹೇಳಲೇಬೇಕಾದ ಒಂದು ಸುದ್ದಿ ಇದೆ. ನಡುವೆ ಬಾಯಿ ಹಾಕಬೇಡ, ಪೂರ್ತಿ ಕೇಳು.

ಕಲಬುರಗಿಯ ಆಸ್ಪತ್ರೆಯ ಆ ಮಂಚ ನಿನಗೆ ನೆನಪಿದೆಯೋ ಇಲ್ಲವೋ. ವಾಡಿಯಿಂದ ನಮ್ಮ ರಾವೂರಿಗೆ ಬರುವ ದಾರಿಯಲ್ಲಿ, ಹಳ್ಳದ ಮೇಲಿನ ಆ ಸಣ್ಣ ಪೂಲಿನ ಹತ್ತಿರ, ಗಾಡಿ ಒಂದು ಕಡೆ ನೀನೊಂದು ಕಡೆ ಬಿದ್ದಿದ್ದನ್ನು ದಾರಿಯಲ್ಲಿ ಹೋಗುವವರು ಯಾರೋ ನೋಡಿ ಜೀಪಿಗೆ ಹಾಕಿಕೊಂಡು ಹೋಗಿದ್ದರು. ನಾವು ಮುಟ್ಟುವ ಹೊತ್ತಿಗೆ ತಲೆಗೆ ಪಟ್ಟಿ ಕಟ್ಟಿ ಮಲಗಿಸಿದ್ದರು. ಅವ್ವ ನಿನ್ನ ಬಾಯಿಯ ಹತ್ತಿರ ಕಿವಿ ಇಟ್ಟು, “ಏನಾತ್ರಿ? ಹೆಂಗ ಬಿದ್ರಿ?” ಅಂದಳು. ನೀನು ಕಣ್ಣು ತೆರೆಯದೆ, “ಬೆಳಕ್ ಕಮ್ಮಿ…” ಅಂದೆ. ಅಷ್ಟೇ. ನಿನ್ನ ತುಟಿ ಇನ್ನೊಂದು ಮಾತಿಗೆ ಕೂಡಿದ್ದನ್ನು ನಾನು ಮಂಚದ ಈ ಕಡೆಯಿಂದ ನೋಡಿದೆ. ಆ ಮಾತು ಬರಲೇ ಇಲ್ಲ.

ಅದನ್ನು ಅವ್ವ ಪೂರ್ತಿ ಮಾಡಿದಳು. ಬೆಳಕ್ ಕಮ್ಮಿ ಇತ್ತು. ಗಾಡಿಯ ಹೆಡ್‌ಲೈಟು ಮಬ್ಬಾಗಿತ್ತು, ಪೂಲಿನ ಕಟ್ಟೆ ಕಾಣಲಿಲ್ಲ, ಹೋಗಿ ಗುದ್ದಿದ. ಮಣ್ಣಿಗೆ ಬಂದವರಿಗೆಲ್ಲ ಇದನ್ನೇ ಹೇಳಿದಳು. “ಬೆಳಕ್ ಇಲ್ಲ, ಒಂದ್ ಛಲೋ ಬಲ್ಬ್ ಹಾಕ್ಸು ಅಂತ ಬಡ್ಕೊಂಡೆ. ನಾಳಿ ನೋಡೋಣ, ನಾಡ್ದ ನೋಡೋಣ ಅಂದ. ತನ್ನ ಕೈಯಾರ ತಾನೇ ಸತ್ತ.” ಎದುರಿಗೆ ಏನಾದರೂ ಬಂದಿತ್ತಾ ಅಂತ ಪೊಲೀಸರು ಕೇಳಿದರು. ಯಾರೂ ನೋಡಿರಲಿಲ್ಲ. ಹಾಗಾಗಿ ಅವ್ವನ ಮಾತಿಗೆ ಎಲ್ಲರೂ ತಲೆ ಆಡಿಸಿದರು, ನಾನೂ ಆಡಿಸಿದೆ. ಗಾಡಿಯ ಹ್ಯಾಂಡಲ್ಲು ನೆಟ್ಟಗೆ ಮಾಡಿಸಿ ತಂದು ಅಂಗಳದಲ್ಲಿ ನಿಲ್ಲಿಸಿದ್ದಾಯಿತು. ಅವ್ವ ಅದರ ಮೇಲೆ ಹಳೆಯ ಕೌದಿ ಹೊದಿಸಿ, ಅದಕ್ಕೆ ‘ಕುರುಡ ಗಾಡಿ’ ಅಂತ ಹೆಸರಿಟ್ಟಳು.

ಚಿಂಚೋಳಿ ಕಡೆಯ ಕಾಡಿನ ದಾರಿ ನನಗೆ ಮರೆಯುವುದಿಲ್ಲ. ಯಾರದೋ ಮದುವೆ ಮುಗಿಸಿ ನಾವಿಬ್ಬರೇ ಹೊರಟಿದ್ದೆವು, ಹೊತ್ತು ಆಗಲೇ ಮುಳುಗಿತ್ತು. ತಿರುವಿನಲ್ಲಿ ನೀನು ಸ್ಪೀಡು ಇಳಿಸಿದ ಕೂಡಲೇ ದೀಪ ಸಾಯುವ ಹಾಗೆ ಕೆಂಪಾಗುತ್ತಿತ್ತು. ನಾನು ಹೆದರಿ ನಿನ್ನ ಅಂಗಿ ಹಿಡಿದರೆ, ನೀನು ನಕ್ಕೆ. “ಈ ದೀಪ ಬ್ಯಾಟರಿದಲ್ಲ ಬೇಟಾ, ಎಂಜಿನ್ನಿಂದು. ರೇಸ್ ಕೊಟ್ರ ಬೆಳಕ್ ಬರ್ತದ.” ನಾನು ಕೇಳಿದೆ, “ಅಂಜಿ ಸಾವಕಾಶ ಹೋದ್ರ?” “ಕತ್ಲಾಗ್ತದ. ಅದಕ್ಕ ಅಂಜಬಾರ್ದು.” ಆಗ ನನಗೆ ನೀನು ದೊಡ್ಡ ಧೈರ್ಯವಂತನಾಗಿ ಕಂಡೆ. ನೀನು ಹೋದ ಮೇಲೆ ಅದೇ ಮಾತು ನೆನಪಾಗಿ ಹೊಟ್ಟೆ ಉರಿಯುತ್ತಿತ್ತು. ಕಾಣದಿದ್ದಾಗ ಜೋರಾಗಿ ಹೋಗಬೇಕು ಅನ್ನುವ ಗಾಡಿಯನ್ನು ಇಟ್ಟುಕೊಂಡವನು ಎಂಥ ಮನುಷ್ಯ? ಆ ಪೂಲಿನ ಹತ್ತಿರವೂ ಕಾಣಲಿ ಅಂತ ರೇಸ್ ಕೊಟ್ಟೆಯಾ? ಎಷ್ಟು ಸಲ ಕೇಳಿಕೊಂಡೆನೋ. ನೀನು ಗೋಡೆಯ ಮೇಲೆ ಸುಮ್ಮನೆ ಮೀಸೆಯಲ್ಲೇ ನಗುತ್ತಿದ್ದೆ, ಸಿಟ್ಟು ಇನ್ನೂ ಹೆಚ್ಚಾಗುತ್ತಿತ್ತು.

ನೀನು ನೆಲಕ್ಕೆ ಹಾಸುವ ಫರ್ಸಿ ಕಲ್ಲು ಒಡೆಯುತ್ತಿದ್ದ ಹಳೆಯ ಖಣಿಯ ನೆಲ ಇದೆಯಲ್ಲ, ಅಲ್ಲೇ ನನಗೆ ಗಾಡಿ ಕಲಿಸಿದ್ದು. ಹುಡುಗಿಗೆ ಸ್ಕೂಟಿ ಕಲಿಸಬೇಕು, ಮೋಟರ್‌ಸೈಕಲ್ ಯಾಕೆ ಅಂತ ಊರಿನವರು ನಕ್ಕರೆ, “ನಮ್ಮನ್ಯಾಗ ಇರೋದ ಇದು. ಇಲ್ಲದ್ದು ಎಲ್ಲಿಂದ ಕಲಿಸ್ಲಿ?” ಅಂದಿದ್ದೆ. ಆ ಕಲಿತದ್ದು ಈಗ ಕೆಲಸಕ್ಕೆ ಬಂತು. ಸೇಡಂನಲ್ಲಿ ಮಾಮಾನ ಮನೆಯಲ್ಲಿದ್ದು ನಾನು ಲ್ಯಾಬ್ ಕೋರ್ಸು ಮುಗಿಸಿದೆನಲ್ಲ, ಶಹಾಬಾದಿನಲ್ಲಿ ಒಂದು ರಕ್ತ ತಪಾಸಣೆಯ ಲ್ಯಾಬಿನವರು ಕರೆದರು. ಆದರೆ ಕೊಡುವುದು ಸಂಜೆ ಪಾಳಿ. ಬಾಗಿಲು ಹಾಕುವ ಹೊತ್ತಿಗೆ ಕತ್ತಲಾಗಿರುತ್ತದೆ, ನಮ್ಮ ಕಡೆಗೆ ಬಸ್ಸಿನ ಭರವಸೆ ಇಲ್ಲ. ನಿನ್ನ ಗಾಡಿ ಇದ್ದರೆ ಕೆಲಸ ಉಂಟು, ಇಲ್ಲದಿದ್ದರೆ ಇಲ್ಲ. ಎರಡು ವರ್ಷ ಮನೆಯಲ್ಲಿ ಕೂತು ಕೂತು ನಾನು ಗೋಡೆಯ ಜೊತೆ ಜಗಳಾಡುವ ಮಟ್ಟಕ್ಕೆ ಬಂದಿದ್ದೆ, ಅಪ್ಪ. ಈ ಕೆಲಸ ನನಗೆ ಬೇಕೇ ಬೇಕಿತ್ತು.

ಇದನ್ನು ಹೇಳಿದ ದಿನ ಅವ್ವ ಕೈಯಲ್ಲಿದ್ದ ಮೊರ ಕೆಳಗಿಟ್ಟು, “ಮಾಮಾಗ ಫೋನ್ ಮಾಡೀನಿ. ಚಿತ್ತಾಪುರದವ ಒಬ್ಬ ಈ ಕುರುಡ ಗಾಡಿ ಒಯ್ಯಾಕ ಸೋಮಾರ ಬರ್ತಾನ,” ಅಂದಳು. ಅಂದರೆ ನನಗಿಂತ ಮುಂಚೆ ಅವಳೇ ಎಲ್ಲ ಮುಗಿಸಿ ಕೂತಿದ್ದಳು. ನಾವಿಬ್ಬರೂ ಹೇಗೆ ಕೂಗಾಡಿದೆವು ಅಂದರೆ ಆಚೆ ಮನೆಯವರು ನೀರು ಸೇದುವುದನ್ನು ಬಿಟ್ಟು ನಿಂತರು. ಕಡೆಗೆ ನಾನು, “ಗಾಡಿ ಕುರುಡ ಅದ ಅಂತೀದಿ. ನಾ ಕಣ್ಣ ಹಾಕಿದ್ರ?” ಅಂದೆ. ಅವ್ವ ಕೆಳಗಿಟ್ಟ ಮೊರ ಮತ್ತೆ ಎತ್ತಿಕೊಂಡಳು. ಆಮೇಲೆ ಹೇಳಿದಳು, “ಗಾಡಿ ಯಾವ ಅಂಗಡಿಗೂ ಹೋಗಂಗಿಲ್ಲ. ಏನ್ ಮಾಡ್ತಿ ಇಲ್ಲೇ, ನನ್ನ ಕಣ್ಣಮುಂದ ಮಾಡು. ಆಮ್ಯಾಲ ಸಂಜಿಕಿ ನಾ ಹಿಂದ ಕುಂದರ್ತೀನಿ. ಆ ಪೂಲಿನ ಕಟ್ಟಿ ನನಗ ದೂರಿಂದ ಕಾಣ್ಬೇಕು. ಕಂಡ್ರ ಗಾಡಿ ನಿಂದು. ಕಾಣ್ಲಿಲ್ಲಂದ್ರ ಸೋಮಾರ ಅಂವಾ ಒಯ್ತಾನ.”

ಖಾಜಾ ಚಾಚಾನ ಅಂಗಡಿ ನಿನಗೆ ಗೊತ್ತೇ ಇದೆ, ವಾಡಿಯಲ್ಲಿ ನೀನು ಗಂಟೆಗಟ್ಟಲೆ ಹರಟೆ ಹೊಡೆಯುತ್ತಿದ್ದ ಸ್ಪೇರ್ ಪಾರ್ಟಿನ ಅಂಗಡಿ. ನಾನು ಬಸ್ಸಿನಲ್ಲಿ ಹೋಗಿ ಅಲ್ಲಿ ನಿಂತೆ. ಚಾಚಾ ನಿನ್ನ ಹೆಸರು ತೆಗೆದು ನನಗೆ ಸ್ಟೂಲು ಸರಿಸಿ ಕೊಟ್ಟು, “ಎಲ್‌ಇಡಿ ಹಾಕ್ಬೇಕಾ ಬೇಟಿ? ಎಷ್ಟ್ ಬೆಳಕಿಂದು ಕೊಡ್ಲಿ?” ಅಂದರು. ನಾನು, “ನಿಮ್ಮ ಅಂಗಡ್ಯಾಗ ಎಲ್ಲಾಕಿಂತ ದೊಡ್ಡ ಬೆಳಕ್ ಯಾವುದದ, ಅದು,” ಅಂದೆ. “ಅಷ್ಟ್ ಬ್ಯಾಡವ್ವ, ಹಳ್ಳಿ ರೋಡಿಗೆ…” ಅಂತ ಏನೋ ಹೇಳಲು ಹೊರಟಿದ್ದರು. ನಾನು ಕೇಳಿಸಿಕೊಳ್ಳಲಿಲ್ಲ. ಮೂರು ಕಾಲಿನ ಬಲ್ಬು, ಬೆನ್ನಿಗೆ ಸಣ್ಣ ಫ್ಯಾನು ಇರುವಂಥದ್ದು, ಜೊತೆಗೆ ಹೊಸ ಬ್ಯಾಟರಿ, ಫ್ಯೂಸು, ತಂತಿ, ಟೇಪು ತೆಗೆದುಕೊಂಡು ಬಂದೆ. ಬಸ್ಸಿನಲ್ಲಿ ಬ್ಯಾಟರಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದೆ, ಯಾರದೋ ಮೇಲೆ ಸೇಡು ತೀರಿಸಲು ಹೊರಟವಳ ಹಾಗೆ.

ಕೌದಿ ತೆಗೆದಾಗ ಗಾಡಿಯ ಮೇಲೆಲ್ಲ ನಮ್ಮ ಊರಿನ ಬಿಳಿ ಕಲ್ಲುಧೂಳು. ಹೆಡ್‌ಲೈಟಿನ ರಿಂಗಿನ ಸ್ಕ್ರೂ ತುಕ್ಕು ಹಿಡಿದು ಜಪ್ಪಯ್ಯ ಅಂದರೂ ತಿರುಗಲಿಲ್ಲ. ಅವ್ವ ಕಟ್ಟೆಯ ಮೇಲೆ ಕೂತು ನೋಡುತ್ತಿದ್ದಳು, ಸಹಾಯಕ್ಕೂ ಬರಲಿಲ್ಲ, ಎದ್ದೂ ಹೋಗಲಿಲ್ಲ. ಅಡುಗೆಯ ಒಳ್ಳೆಣ್ಣೆ ಬಿಟ್ಟು ಬಿಟ್ಟು ಕಡೆಗೆ ತೆಗೆದೆ. ಒಳಗೆ ತಂತಿಗಳ ಗಂಟು. ಹಾರ್ನಿನ ತಂತಿ ಕಡಿದಿದ್ದ ಜಾಗದಲ್ಲಿ ಟೇಪಿನ ಬದಲು ನನ್ನ ಸಾಲೆಯ ಕೆಂಪು ರಿಬ್ಬನ್ನು ಸುತ್ತಿದ್ದೆಯಲ್ಲ? ಕಳೆದುಹೋಯಿತು ಅಂತ ಅವ್ವನ ಕೈಯಲ್ಲಿ ನಾನು ಏಟು ತಿಂದ ರಿಬ್ಬನ್ನು! ನಗು ಬಂತು, ಕೂಡಲೇ ಅಳುವೂ ಬಂತು. ಅವ್ವನಿಗೆ ತೋರಿಸಲಿಲ್ಲ. ಅದನ್ನು ಹಾಗೇ ಬಿಟ್ಟೆ, ಅದರ ಮೇಲೊಂದು ಸುತ್ತು ಟೇಪು ಹಾಕಿದೆ.

ಮೊದಲು ಹಳೆಯ ತಂತಿಗೇ ಹೊಸ ಬಲ್ಬು ಸಿಕ್ಕಿಸಿ ಕಿಕ್ ಹೊಡೆದೆ. ದೀಪ ಪಟಪಟ ಅಂತ ಮಿಟುಕಿತು, ರೇಸ್ ಕೊಟ್ಟರೆ ಇನ್ನೂ ಹುಚ್ಚಾಗಿ ಮಿಟುಕಿತು. “ಕಣ್ಣ ಹಾಕ್ತೀನಂದಿ, ಅದು ನೋಡಿದ್ರ ಪಿಳಿಪಿಳಿ ಮಾಡಾಕತ್ತದ,” ಅಂದಳು ಅವ್ವ. ಎಂಜಿನ್ನಿನ ಕರೆಂಟು ಈ ಬಲ್ಬಿಗೆ ಆಗುವುದಿಲ್ಲ. ಹೆಡ್‌ಲೈಟಿಗೆ ಎಂಜಿನ್ನಿನಿಂದ ಬರುತ್ತಿದ್ದ ತಂತಿ ಬಿಡಿಸಿ, ಬ್ಯಾಟರಿಯಿಂದ ಫ್ಯೂಸ್ ಹಾಕಿ ಹೊಸ ತಂತಿ ಎಳೆದೆ. ಒಂದು ಸಲ ತಪ್ಪಿ ತಂತಿಯ ತುದಿ ಫ್ರೇಮಿಗೆ ತಾಗಿ ಚಟ್ ಅಂತ ಕಿಡಿ ಹಾರಿತು. ಅವ್ವ ಕಟ್ಟೆಯಿಂದ ಹಾರಿ ಬಂದು ನನ್ನ ರಟ್ಟೆ ಹಿಡಿದು ಎಳೆದಳು. “ಸಾಕಿನ್ನ, ಬಿಡು. ಒಬ್ಬವ ಹೋದದ್ದು ಸಾಲ್ದೇನು?” ಅಂದಳು. ನಾನು ಬಿಡಲಿಲ್ಲ. ಫ್ಯೂಸು ಸುಟ್ಟಿತ್ತು, ಬೇರೆ ಹಾಕಿದೆ. ಚಾವಿ ತಿರುಗಿಸಿದೆ, ಎಂಜಿನ್ ಶುರು ಮಾಡದೆಯೇ ಅಂಗಳ ಬೆಳ್ಳಗಾಯಿತು.

ಇಲ್ಲಿ ನನ್ನ ಜಾಣತನ ಕೇಳು. ಪೂಲಿನ ಕಟ್ಟೆ ದೂರದಿಂದ ಕಾಣಬೇಕು ಅಂದರೆ ಬೆಳಕು ದೂರ ಹೋಗಬೇಕಲ್ಲ? ನಮ್ಮ ಓಣಿಯ ತುದಿಗೆ ನೀರಿನ ಟಾಕಿ ಇದೆಯಲ್ಲ, ಅದಕ್ಕೆ ಮುಟ್ಟಿಸೋಣ ಅಂತ ಹೆಡ್‌ಲೈಟಿನ ಎರಡು ಬದಿಯ ನಟ್ಟು ಸಡಿಲು ಮಾಡಿ ಮೂತಿ ಮೇಲಕ್ಕೆ ಎತ್ತಿದೆ. ಇನ್ನೂ ಸ್ವಲ್ಪ, ಇನ್ನೂ ಸ್ವಲ್ಪ. ಬೆಳಕು ಟಾಕಿಯ ಹೊಟ್ಟೆಗೆ ಹೋಗಿ ಬಿತ್ತು. ಓಣಿಯ ಜನ ಹೊರಗೆ ಬಂದು ನೋಡಿದರು. ಟಾಕಿಯ ಮೇಲಿದ್ದ ಪಾರಿವಾಳಗಳು ಎದ್ದು ಹಾರಿದವು. ಯಾರೋ, “ಭಾಳ ಜಬರ್ದಸ್ತ್ ಆತಲ್ಲವ್ವ!” ಅಂದರು. ನಾನು ನಟ್ಟು ಬಿಗಿ ಮಾಡಿದೆ. ಅವತ್ತು ನನ್ನಷ್ಟು ಸೊಕ್ಕು ರಾವೂರಿನಲ್ಲಿ ಯಾರಿಗೂ ಇರಲಿಲ್ಲ.

ಶನಿವಾರ ಸಂಜೆ ಅವ್ವ ಸೆರಗು ಬಿಗಿದುಕೊಂಡು ಬಂದಳು. ನೀನು ಹೋದ ಮೇಲೆ ಅವಳು ಆ ಗಾಡಿಯನ್ನು ಮುಟ್ಟಿರಲಿಲ್ಲ. ಸೀಟಿನ ಮೇಲೆ ಕೈ ಇಟ್ಟು ಸ್ವಲ್ಪ ನಿಂತಳು, ಆಮೇಲೆ ಒಂದೇ ಬದಿಗೆ ಕಾಲು ಹಾಕಿ ಕೂತು ನನ್ನ ಭುಜ ಹಿಡಿದಳು. ವಾಡಿ ಕಡೆಗೆ ಹೊರಟೆವು. ಕಲ್ಲಿನ ಟ್ರ್ಯಾಕ್ಟರುಗಳು ಎಬ್ಬಿಸಿದ ಧೂಳು ರೋಡಿನ ಮೇಲೆ ಇನ್ನೂ ಕೂತಿರಲಿಲ್ಲ. ಊರು ದಾಟಿದ ಕೂಡಲೇ, “ಪೂರಾ ಹಚ್ಚು,” ಅಂದಳು. ಹಚ್ಚಿದೆ. ಅಪ್ಪ, ಏನು ಬೆಳಕು ಅದು! ಅವ್ವ ನನ್ನ ಕಿವಿಯ ಹಿಂದೆ ಕಂಡದ್ದನ್ನೆಲ್ಲ ಒಂದೊಂದೇ ಹೇಳುತ್ತಾ ಬಂದಳು. “ಜಾಲಿ ಗಿಡ. ಕಿಲೋಮೀಟರ್ ಕಲ್ಲ. ಅಲ್ಲಿ ನಾಯಿ ಅದ ನೋಡು.” ಪರೀಕ್ಷೆಗೆ ಓದುವ ಹಾಗೆ, ಗಟ್ಟಿಯಾಗಿ. ಪೂಲು ಹತ್ತಿರ ಬಂದಷ್ಟೂ ಅವಳ ಬೆರಳು ನನ್ನ ಭುಜದಲ್ಲಿ ಹೂತುಹೋಗುತ್ತಿತ್ತು.

ಆಗ ಎದುರಿಗೆ ಒಂದು ದೀಪ ಕಂಡಿತು. ಸಣ್ಣದು, ಹಳದಿ, ಮಬ್ಬು. ಥೇಟ್ ನಿನ್ನ ದೀಪವೇ. ನಾನು ಬೆಳಕು ಇಳಿಸಲು ಡಿಪ್ಪರಿನ ಮೇಲೆ ಹೆಬ್ಬೆರಳು ಇಟ್ಟೆ. “ತಗೀಬ್ಯಾಡ!” ಅಂದಳು ಅವ್ವ. “ಕಟ್ಟಿ ಕಾಣಾಕತ್ತದ. ತಗೀಬ್ಯಾಡ.” ನಾನು ತೆಗೆಯಲಿಲ್ಲ. ತೆಗೆದಿದ್ದರೂ ಆ ಎತ್ತಿದ ಮೂತಿಗೆ ಏನು ಉಪಯೋಗವಾಗುತ್ತಿತ್ತೋ. ಹಳದಿ ದೀಪ ಪೂಲಿನ ಹತ್ತಿರ ಬಂತು, ಆ ಕಡೆ ಈ ಕಡೆ ಓಲಾಡಲು ಶುರುವಾಯಿತು. ಕತ್ತಲೆಯಿಂದ ಒಬ್ಬ ಗಂಡಸಿನ ದನಿ ಬಂತು.

“ಬೆಳಕ್ ಕಮ್ಮೀ…”

ಅಷ್ಟೇ ಕೇಳಿಸಿತು. ಉಳಿದದ್ದು ಗಾಳಿಗೆ ಹೋಯಿತು. ಅವ್ವನ ಕೈ ನನ್ನ ಭುಜದ ಮೇಲೆ ಗಟ್ಟಿಯಾಗಿ ನಿಂತುಬಿಟ್ಟಿತು. ಹಳದಿ ದೀಪ ರೋಡು ಬಿಟ್ಟು ಕೆಳಗಿಳಿದು, ಕಲ್ಲಿನ ಮೇಲೆ ಕಬ್ಬಿಣ ಉಜ್ಜಿದ ಸಪ್ಪಳವಾಗಿ, ಆರಿಹೋಯಿತು.

ನಾನು ಗಾಡಿ ಹೇಗೆ ನಿಲ್ಲಿಸಿದೆನೋ ಗೊತ್ತಿಲ್ಲ. ಒಂದು ಕೂಸು ಚೀರಿ ಅಳುತ್ತಿತ್ತು. ಅಳುವುದು ಕೇಳಿ ನನಗೆ ಜೀವ ಬಂತು. ಓಡಿದೆ. ಗಂಡ, ಹೆಂಡತಿ, ಹೆಂಡತಿಯ ಮಡಿಲಲ್ಲಿ ಕೂಸು. ಅವರ ಗಾಡಿಯ ಮುಂದಿನ ಗಾಲಿ ಕಲ್ಲುಚೂರಿನ ರಾಶಿಗೆ ಏರಿ ನಿಂತಿತ್ತು. ಪೂಲಿನ ಕಟ್ಟೆ ಅಲ್ಲಿಂದ ಒಂದು ಮೊಳ. ಆ ಕಲ್ಲುಚೂರು ಇರದಿದ್ದರೆ… ಬಿಡು, ಅದನ್ನು ಬರೆಯುವುದಿಲ್ಲ. ಹೆಂಡತಿಯ ಮೊಣಕೈ ತರಚಿತ್ತು, ಕೂಸಿಗೆ ಏನೂ ಆಗಿರಲಿಲ್ಲ. ಗಂಡ ಎದ್ದವನೇ ನನ್ನ ಮೇಲೆ ಹಾಯ್ದು ಬಂದ. ಹೊಡೆಯುತ್ತಾನೆ ಅಂದುಕೊಂಡೆ, ಹೊಡೆದರೆ ಹೊಡೆಸಿಕೊಳ್ಳಬೇಕು ಅಂತಲೂ ಅಂದುಕೊಂಡೆ. ಹಿಂದೆ ಅವ್ವನನ್ನು ನೋಡಿ ಅವನು ಕೈ ಇಳಿಸಿದ.

“ಒದರಿದ್ನಲ್ಲೆವ್ವ ಅಷ್ಟ್ ದೂರಿಂದ! ಕೇಳ್ಸಲಿಲ್ಲೇನು? ಕಣ್ಣಾಗ ಬರೇ ಬೆಳ್ಳಗಾಗ್ಬಿಡ್ತು. ರೋಡ್ ಎಲ್ಲದ, ಕಟ್ಟಿ ಎಲ್ಲದ, ಒಂದೂ ತಿಳೀಲಿಲ್ಲ.”

ಅವ್ವ ಅವನ ಹತ್ತಿರ ಹೋದಳು. “ಏನಂತ ಒದರ್‍ದಿ?”

“ಹಾಂ?”

“ನೀ ಏನಂದಿ? ಇನ್ನೊಮ್ಮಿ ಹೇಳಪ್ಪ. ಪೂರಾ ಹೇಳು.”

ಅವನು ನನ್ನ ಮುಖ ನೋಡಿದ. ಈ ಮುದುಕಿಗೆ ಏನಾಯಿತು ಅಂತ ಅವನ ಕಣ್ಣಿನಲ್ಲಿತ್ತು. “ಬೆಳಕ್ ಕಮ್ಮಿ ಮಾಡ್ರಿ ಅಂದೆ, ಯವ್ವಾ. ಮತ್ತೇನಂತಾರ?”

ಅವ್ವ ಆ ಕಟ್ಟೆಯ ಮೇಲೆ ಕೂತುಬಿಟ್ಟಳು. ನೀನು ಬಿದ್ದ ಕಟ್ಟೆ. ಅದರ ಹತ್ತಿರ ಬರುವುದಿಲ್ಲ ಅಂತ ಎರಡು ವರ್ಷ ಬಸ್ಸಿನಲ್ಲೂ ಆ ಕಡೆಯ ಕಿಟಕಿಗೆ ಕೂರದವಳು. “ಮಾಡ್ರಿ,” ಅಂದಳು. ಮತ್ತೆ, “ಕಮ್ಮಿ ಮಾಡ್ರಿ,” ಅಂದಳು. ಜಗಳಕ್ಕೆ ಬಂದವನೇ ಓಡಿ ಹೋಗಿ ನೀರಿನ ಬಾಟಲಿ ತಂದುಕೊಟ್ಟ. ಅವ್ವ ಕುಡಿಯಲಿಲ್ಲ. ಕೂಸನ್ನು ಈಸಿಕೊಂಡು ಅದರ ತಲೆ, ಕೈ, ಕಾಲು ಎಲ್ಲ ಮುಟ್ಟಿ ಮುಟ್ಟಿ ನೋಡಿದಳು. ನಾನು ಆ ತಾಯಿಯ ಕೈ ಹಿಡಿದು ತಪ್ಪಾಯಿತು ಅಂದೆ. ಅವರ ಗಾಡಿ ಎತ್ತಿಕೊಟ್ಟು, ಅವರು ಹೋಗುವ ತನಕ ನಿಂತು, ನಿನ್ನ ಟೂಲ್ ಬಾಕ್ಸಿನ ಸ್ಪ್ಯಾನರ್ ತೆಗೆದು ಅಲ್ಲೇ ಹೆಡ್‌ಲೈಟಿನ ಮೂತಿಯನ್ನು ನೆಲಕ್ಕೆ ಬಗ್ಗಿಸಿದೆ.

ಅವತ್ತು ಮನೆಗೆ ಬಂದು ನಾವು ಒಲೆ ಹಚ್ಚಲಿಲ್ಲ. ನಾನು ಆಸ್ಪತ್ರೆಯ ಆ ಹೊತ್ತನ್ನು ಮತ್ತೆ ಮತ್ತೆ ನೋಡಿಕೊಂಡೆ. ನಿನ್ನ ತುಟಿ ಕೂಡಿತ್ತಲ್ಲ, ಅದು ನನಗೆ ಖಚಿತವಾಗಿ ಗೊತ್ತು. ‘ಇತ್ತು’ ಅನ್ನುವುದಕ್ಕೆ ತುಟಿ ಕೂಡಬೇಕಾಗಿಲ್ಲ ಅಪ್ಪ. ‘ಮಾ’ ಅನ್ನುವುದಕ್ಕೆ ಕೂಡಬೇಕು. ಇಷ್ಟು ದಿನ ಇದು ನನಗೆ ಯಾಕೆ ಹೊಳೆಯಲಿಲ್ಲ? ಆದರೂ ಆಣೆ ಮಾಡಿ ಹೇಳಲಾರೆ. ನಿನ್ನ ಮಂಚದ ಮೇಲೊಂದು ಟ್ಯೂಬ್‌ಲೈಟು ಉರಿಯುತ್ತಿತ್ತು, ಅದನ್ನು ಆರಿಸಿ ಅಂದೆಯೋ ಏನೋ. ಬರೀ ನೋವಿಗೆ ತುಟಿ ಬಿಗಿಹಿಡಿದೆಯೋ ಏನೋ. ಎದುರಿಗೆ ಬಂದವನು ಯಾರು, ಕಾರೋ ಲಾರಿಯೋ, ಬಂದಿದ್ದನೋ ಇಲ್ಲವೋ, ಅದೂ ಇನ್ನು ಯಾರಿಗೂ ತಿಳಿಯುವುದಿಲ್ಲ. ನಾನು ಇದನ್ನೆಲ್ಲ ಅವ್ವನಿಗೆ ಹೇಳಿದೆ. “ಇವತ್ತ ಅಂವಾ ಬಿದ್ದಾಗ ನಿನ್ನ ಗಾಡಿಗಿ ಬೆಳಕ್ ಇತ್ತಿಲ್ಲೋ? ಅಂವಾ ಸತ್ತು, ನಾವು ಗಾಡಿ ನಿಂದ್ರಸ್ದ ಹೋಗಿದ್ರ, ಅವನ ಹೇಣ್ತಿನೂ ನನ್ನಂಗ ಜಲ್ಮ ಪೂರ್ತಿ ಅವನ ಗಾಡಿಗೇ ಬೈತಿದ್ಲು,” ಅಂದಳು. ಆಮೇಲೆ ಗೋಡೆಯ ಕಡೆ ತಿರುಗಿ ಮಲಗಿದಳು. ಅವಳ ಬೆನ್ನು ಅಲುಗುವುದು ಕಾಣುತ್ತಿತ್ತು. ನಾನು ಹೋಗಿ ಬೆನ್ನಿಗೆ ಬೆನ್ನು ಹಚ್ಚಿ ಮಲಗಿದೆ. ಅಪ್ಪ, ನನಗೆ ನಿನ್ನ ಮೇಲಿದ್ದ ಸಿಟ್ಟು ಅಲ್ಲೇ ಕರಗಿತು, ಆ ಜಾಗಕ್ಕೆ ಬಂದದ್ದು ದುಃಖ. ಎರಡು ವರ್ಷ ತಡವಾಗಿ ಬಂತು.

ಭಾನುವಾರ ಮುಸ್ಸಂಜೆ ಅವ್ವ ತಾನೇ ಗಾಡಿಯ ಹ್ಯಾಂಡಲ್ ಹಿಡಿದಳು. “ಇದರ ಕಣ್ಣ ಸರಿ ಮಾಡು ಬಾ,” ಅಂದಳು. ಗಾಡಿಯನ್ನು ಅಂಗಳದ ಈ ತುದಿಗೆ ನಿಲ್ಲಿಸಿ ಬಗ್ಗಿಸಿದ್ದ ಮೂತಿ ಮತ್ತೆ ಎತ್ತಿ ಆ ತುದಿಯ ಗೋಡೆಗೆ ಬೆಳಕು ಬಿಟ್ಟೆ. ಅವ್ವ ಹೋಗಿ ಗೋಡೆಗೆ ಬೆನ್ನು ಹಚ್ಚಿ ನಿಂತಳು. “ನಾ ಎದುರಿಗಿ ಬರಾಕಿ. ಈಗ ಹಚ್ಚು.” ಮುಖದ ಮೇಲೆ ಪೂರಾ ಬೆಳಕು ಬಿತ್ತು. ಅವಳು ಕಣ್ಣು ಮುಚ್ಚಲಿಲ್ಲ, ಬೇಕಂತಲೇ ತೆರೆದುಕೊಂಡು ನಿಂತಳು, ಕಣ್ಣಿನಿಂದ ನೀರು ಸುರಿಯುತ್ತಿತ್ತು. “ಅವ್ವಾ, ಕಣ್ಣ ಮುಚ್ಚು,” ಅಂದೆ. “ನಿಮ್ಮಪ್ಪ ಮುಚ್ಕೊಂಡಿದ್ನೇನು? ಕಮ್ಮಿ ಮಾಡು.” ಮೂತಿ ಬಗ್ಗಿಸಿದೆ. “ಇನ್ನೂ ಕಮ್ಮಿ ಮಾಡು.” ಬೆಳಕು ಹಣೆಯಿಂದ ಮೂಗಿಗೆ, ಮೂಗಿನಿಂದ ಗದ್ದಕ್ಕೆ, ಎದೆಗೆ ಇಳಿಯಿತು. ಇನ್ನೂ ಇಳಿಸಿದೆ, ಸೊಂಟಕ್ಕೆ ಬಂತು. ಆಗ, “ಹಾಂ. ಈಗ ನೀ ಕಾಣಾಕತ್ತಿ ನನಗ,” ಅಂದಳು. ಎಲೆ ಅಡಿಕೆಯ ಚಂಚಿಯಿಂದ ಸುಣ್ಣ ತೆಗೆದು, ಬೆಳಕಿನ ಮೇಲಂಚು ನಿಂತಲ್ಲಿ ಗೋಡೆಗೆ ಬೆರಳಿನಿಂದ ಒಂದು ಬೊಟ್ಟು ಇಟ್ಟಳು. “ಇದರ ಮ್ಯಾಲ ಹೋಗಬಾರ್ದು. ವಾರಕ್ಕೊಮ್ಮಿ ಇಲ್ಲಿ ತಂದು ನೋಡ್ಬೇಕು.” ನಾನು ನಟ್ಟು ಬಿಗಿದೆ.

ಸೋಮವಾರ ಚಿತ್ತಾಪುರದವನು ಮಾಮಾನ ಜೊತೆ ಬಂದ. ಕೌದಿ ಇಲ್ಲದೆ ತೊಳೆದು ನಿಲ್ಲಿಸಿದ್ದ ಗಾಡಿ ನೋಡಿ ಅವನಿಗೆ ಆಸೆ ಹೆಚ್ಚಾಯಿತು. ಅವ್ವ ಇಬ್ಬರಿಗೂ ಚಹಾ ಕೊಟ್ಟು, “ತಪ್ಪ ತಿಳ್ಕೊಬ್ಯಾಡ್ರಿ, ಗಾಡಿ ಕೊಡಂಗಿಲ್ಲ. ನಮ್ಮ ಹುಡುಗಿ ಡೂಟಿಗಿ ಹೋಗಾಕ ಬೇಕು,” ಅಂದಳು. ಮಾಮಾ, “ಅಕ್ಕಾ, ನೀನ ಅಂದಿದ್ದಿ, ಕುರುಡ ಗಾಡಿ ಅದ, ಒಯ್ರಿ ಅಂತ,” ಅಂದ. “ಗಾಡಿ ಕುರುಡ ಇದ್ದಿದ್ದಿಲ್ಲಪ್ಪ,” ಅಂದಳು ಅವ್ವ. ಮಾಮಾನಿಗೆ ಏನೂ ತಿಳಿಯಲಿಲ್ಲ.

ಈಗ ನಾನು ವಾಡಿ ಮೇಲಿಂದ ಶಹಾಬಾದಿಗೆ ಹೋಗುತ್ತಿದ್ದೇನೆ, ಅಪ್ಪ. ಚಳಿಗಾಲ ಮುಗಿಯುತ್ತಾ ಬಂತು. ಎದುರಿಗೆ ಯಾರು ಬರಲಿ, ಸೈಕಲ್ಲಿನವನೇ ಬರಲಿ, ನಾನು ಮೊದಲೇ ಬೆಳಕು ಇಳಿಸುತ್ತೇನೆ. ಅವರು ಇಳಿಸುತ್ತಾರೆ ಅಂತ ತಿಳಿಯಬೇಡ. ದೊಡ್ಡ ಗಾಡಿಗಳು ಕಣ್ಣಿಗೆ ಹೊಡೆದುಕೊಂಡೇ ಹೋಗುತ್ತವೆ, ನಾನು ಬೈಯುತ್ತೇನೆ, ನೀನು ಕೇಳಬಾರದ ಮಾತೆಲ್ಲ. ಬೈದು, ರೋಡಿನ ಬದಿಗೆ ಹೋಗಿ, ಕಣ್ಣು ತಿಳಿಯಾಗುವ ತನಕ ನಿಂತುಬಿಡುತ್ತೇನೆ. ನಿನ್ನ ಗಾಡಿ ಈಗ ರೇಸ್ ಕೇಳುವುದಿಲ್ಲ. ಸಾವಕಾಶ ಹೋದರೂ ಬೆಳಕು ಇರುತ್ತದೆ, ನಿಂತರೂ ಇರುತ್ತದೆ. ಅಂಜಿದವರಿಗೂ ಇರುತ್ತದೆ. ಇದನ್ನು ನಿನಗೆ ಮುಂಚೆಯೇ ಹಾಕಿಕೊಡಬೇಕಿತ್ತು.

ನಿನ್ನೆ ಸಂಜೆಯ ಸುದ್ದಿ ಹೇಳಿ ಮುಗಿಸುತ್ತೇನೆ. ಬರುವಾಗ ಆ ಪೂಲಿನ ಹತ್ತಿರ ಎದುರಿಗೆ ಒಂದು ಲಾರಿ ಬಂತು, ಪೂರಾ ಬೆಳಕು ಹಚ್ಚಿಕೊಂಡು. ಕಟ್ಟೆ ಮಾಯವಾಯಿತು, ರೋಡು ಮಾಯವಾಯಿತು. ನಾನು ಬೆಳಕು ಇಳಿಸಿ, ಬ್ರೇಕ್ ಹಿಡಿದು, ಕಾಲು ಕೆಳಗೆ ಬಿಟ್ಟು ನಿಂತೆ. ಒಂದು ಉಸಿರಿನಷ್ಟು ಹೊತ್ತು ಹೋಯಿತು. ಆಮೇಲೆ ಅವನೂ ಇಳಿಸಿದ. ಯಾರೋ ಏನೋ, ಮುಖ ಕಾಣಲಿಲ್ಲ. ನನಗೆ ಕಟ್ಟೆ ಕಂಡಿತು, ಕಲ್ಲುಚೂರು ಕಂಡಿತು, ರೋಡಿನ ಅಂಚಿನ ಹುಲ್ಲು ಕೂಡ ಕಂಡಿತು. ಮನೆಗೆ ಬಂದು ಅವ್ವನಿಗೆ ಹೇಳಿದೆ. ಅವಳು ರೊಟ್ಟಿ ತಟ್ಟುತ್ತಿದ್ದ ಕೈ ನಿಲ್ಲಿಸಿ, ಹಿಟ್ಟಿನ ಕೈಯಲ್ಲೇ ಎದ್ದು ಹೋಗಿ ನಿನ್ನ ಫೋಟೋದ ಮುಂದೆ ನಿಂತಳು.

“ಕೇಳಿದ್ರೇನ್ರಿ?” ಅಂದಳು. “ಅಂವಾ ಕಮ್ಮಿ ಮಾಡಿದನಂತ.”